ಬಸ್ರಾಕ್ಕೆ ಹೋದ ಸೆರಗು

ನಾನು ಇಲಕಲ್ಲಿಗೆ ಸೊಸೆಯಾಗಿ ಬಂದು ಆಗ ಐದು ವರ್ಷವಾಗಿತ್ತು. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಹೆಣ್ಣುಮಕ್ಕಳ ಹುಟ್ಟಿದ ದಿನವನ್ನು ಬರೆದಿಡುವ ರೂಢಿ ನಮ್ಮ ತವರಿನಲ್ಲಿ ಇರಲಿಲ್ಲ. ಗಂಡನ ಮನೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಎರಡು ಕುಣಿಮಗ್ಗ. ಮಾವ ಮತ್ತು ಗಂಡ ನೇಯುತ್ತಿದ್ದರು, ಅತ್ತೆ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ನನ್ನ ಪಾಲಿಗೆ ಬಂದದ್ದು ಕೊಂಡಿ ಹಾಕುವ ಕೆಲಸ. ನಮ್ಮ ಸೀರೆಯ ಮೈಗೆ ಹತ್ತಿಯ ನೂಲು, ಸೆರಗಿಗೆ ರೇಷ್ಮೆ. ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಂದರ ತುದಿಯನ್ನು ಇನ್ನೊಂದರ ತುದಿಗೆ ಎಳೆ ಎಳೆಯಾಗಿ ಕೊಂಡಿಯಂತೆ ಸಿಕ್ಕಿಸಿ ಕೂಡಿಸಬೇಕು. ಒಂದು ಎಳೆ ತಪ್ಪಿದರೂ ಸೆರಗಿನುದ್ದಕ್ಕೂ ಬಿರುಕು ಬಿಡುತ್ತದೆ. ಅತ್ತೆಯ ಕೈ ನಡುಗತೊಡಗಿದ ಮೇಲೆ ಆ ಕೆಲಸ ನನ್ನದಾಯಿತು. ಆದರೂ ನಾನು ಕೂಡಿಸಿದ್ದನ್ನು ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡದೆ ಮಗ್ಗಕ್ಕೆ ಬಿಡುತ್ತಿರಲಿಲ್ಲ.

ನಮ್ಮ ಗೋಡೆಗೆ ಗೋಡೆ ಹತ್ತಿದ್ದ ಮನೆ ಒಂದು ಮುಸಲ್ಮಾನ ಕುಟುಂಬದ್ದು. ಆ ಮನೆಯ ಯಜಮಾನ ಪುಸ್ತಕಗಳಿಗೆ, ವ್ಯಾಪಾರಿಗಳ ಕಿರ್ದಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಅವನ ಹೆಂಡತಿಯನ್ನು ನಾನು ಚಿಗವ್ವ ಎಂದೇ ಕರೆಯುತ್ತಿದ್ದೆ. ಅವರ ಒಬ್ಬನೇ ಮಗ ಪಲ್ಟನ್ನಿಗೆ ಸೇರಿ ಬಸ್ರಾ ಎಂಬ ಊರಿಗೆ ಹೋಗಿದ್ದ. ಅಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಹೇರುವ ಕೆಲಸ ಅವನದು. ಹೋದ ಮೇಲೆ ಒಂದೇ ಒಂದು ಕಾಗದ ಬಂದಿತ್ತು. ನಮ್ಮ ಕಡೆಯ ಜನ ಆ ಯುದ್ಧಕ್ಕೆ ಜರ್ಮನಿ ಜಗಳ ಎನ್ನುತ್ತಿದ್ದರು. ಹುನಗುಂದದ ಸುತ್ತಿನ ಹಳ್ಳಿಗಳಿಂದ, ಬದಾಮಿಯ ಕಡೆಯಿಂದ ಗಂಡಸರು ಹೋಗಿದ್ದರು. ಎಲ್ಲಿಗೆ ಹೋದರು, ಯಾರ ಮೇಲೆ ಹೋದರು ಎಂಬುದು ಅವರ ಮನೆಯವರಿಗೂ ಸರಿಯಾಗಿ ತಿಳಿದಿರಲಿಲ್ಲ.

ನಾಗರ ಪಂಚಮಿ ಮುಗಿದ ವಾರ, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರು ನಮ್ಮ ಮನೆಗೆ ಬಂದರು. ಬಾಗಲಕೋಟೆಯ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಧಾರವಾಡಕ್ಕೆ ಹೋಗಿ ಕಲಿತು ಬಂದವರು. ಊರಲ್ಲಿ ಚಪ್ಪಲಿ ಮೆಟ್ಟಿ ನಡೆಯುವ ಹೆಂಗಸು ಅವರೊಬ್ಬರೇ. ಬಂದವರು ಕಟ್ಟೆಯ ಮೇಲೆ ಕೂತು ವಿಷಯ ಹೇಳಿದರು. ದೀಪಾವಳಿಗೆ ಬಾಗಲಕೋಟೆಯಿಂದ ಸಿಪಾಯಿಗಳಿಗೆ ಪೆಟ್ಟಿಗೆಗಳು ಹೋಗಲಿವೆಯಂತೆ. ತಂಬಾಕು, ಸಾಬೂನು, ಉಣ್ಣೆಯ ಕಾಲುಚೀಲ. ಜೊತೆಗೆ ಒಬ್ಬೊಬ್ಬರಿಗೂ ಒಂದು ಶುಭಾಶಯದ ಕಾರ್ಡು. ಅಚ್ಚಾಗಿ ಬಂದ ಕಾರ್ಡುಗಳನ್ನು ಅವರು ನೋಡಿದ್ದರು. ರಾಜನ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಮ್ಮ ಹಳ್ಳಿಗಳಿಂದ ಹೋದವರಿಗೆ ಕನ್ನಡವೇ ಓದಲು ಬರುವುದಿಲ್ಲ, ಇಂಗ್ಲಿಷು ಯಾರಿಗೆ ಎಂಬುದು ಅವರ ಪ್ರಶ್ನೆ. ಹೆಂಗಸರು ದಾರದಿಂದಲೇ ಕಾರ್ಡು ಮಾಡಲಿ, ಓದುವುದೇ ಬೇಡ, ನೋಡಿದರೆ ಊರು ನೆನಪಾಗಬೇಕು ಎಂಬುದು ಅವರ ಯೋಚನೆ. ಅದಕ್ಕಾಗಿ ಮಗ್ಗದಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಕೇಳಲು ಬಂದಿದ್ದರು.

ಅತ್ತೆ ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ತುಂಡೆಂದರೆ ಕಸ ಅಲ್ಲ, ಅವುಗಳನ್ನೂ ಗಂಟು ಹಾಕಿ ಬಳಸುತ್ತೇವೆ ಎಂದಳು. ಆಮೇಲೆ, "ರಾಜ ಯಾರೋ, ಜಗಳ ಯಾರದೋ. ನಮ್ಮ ರೇಷ್ಮಿ ಯಾಕ ಹೋಗಬೇಕ್ರಿ ಅಕ್ಕೋರ?" ಎಂದು ಕೇಳಿದಳು.

ಅಷ್ಟರಲ್ಲಿ, ಗೋಡೆಯಾಚೆಯಿಂದ ಮಾತು ಕೇಳಿಸಿಕೊಂಡ ಚಿಗವ್ವ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ದನಿ ಏರಿಸಲಿಲ್ಲ.

"ಜಗಳ ಯಾರದರೆ ಇರವಲ್ದ್ಯಾಕ," ಎಂದಳು. "ಹೋದಾಂವ ನನ್ನ ಮಗ."

ಅತ್ತೆ ಎದ್ದು ಒಳಗೆ ಹೋಗಿ, ತುಂಡು ರೇಷ್ಮೆ ತುಂಬಿದ ಗಡಿಗೆಯನ್ನೇ ತಂದು ಅಕ್ಕೋರ ಮುಂದೆ ಇಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸ ನಡೆದದ್ದು ಚಿಗವ್ವನ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟದ ನಂತರ. ಹತ್ತು ಹನ್ನೆರಡು ಹೆಂಗಸರು ಬರುತ್ತಿದ್ದೆವು. ರಟ್ಟು ಕಟ್ಟುವ ಕಾಕಾ ಅಂಗೈಯಗಲದ ರಟ್ಟುಗಳನ್ನು ಕತ್ತರಿಸಿ, ಅಂಚು ಉಜ್ಜಿ ಕೊಡುತ್ತಿದ್ದ. ಮೊದಲ ದಿನವೇ ನಮಗೆ ಗೊತ್ತಾದದ್ದು, ಬಟ್ಟೆಯ ಹಾಗೆ ರಟ್ಟು ಸೂಜಿಗೆ ಒಲಿಯುವುದಿಲ್ಲ ಎಂದು. ಎಳೆದರೆ ಹರಿಯುತ್ತದೆ. ರೇಷ್ಮೆ ನಯವಾಗಿ ಕಂಡರೂ ಗರಗಸದಂತೆ ಕೊಯ್ಯುತ್ತದೆ. ಕಾಕಾ ಉಪಾಯ ಹೇಳಿಕೊಟ್ಟ: ಮೊದಲು ತೆಳ್ಳನೆಯ ಕಾಗದದ ಮೇಲೆ ಚಿತ್ರ ಚುಚ್ಚಿಕೊಳ್ಳಬೇಕು, ಆ ಕಾಗದವನ್ನು ರಟ್ಟಿನ ಮೇಲಿಟ್ಟು ದಬ್ಬಣದಿಂದ ತೂತು ಮಾಡಬೇಕು, ಆಮೇಲೆ ತೂತಿನೊಳಗೆ ಮಾತ್ರ ಎಳೆ ಹೋಗಿ ಬರಬೇಕು.

ಏನು ಚಿತ್ರ ಮಾಡುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಅಕ್ಕೋರು ಅವರವರ ಇಷ್ಟಕ್ಕೆ ಬಿಟ್ಟುಬಿಟ್ಟರು. ಬದಾಮಿಯಿಂದ ಬಂದ ಒಬ್ಬ ಸೊಸೆ ಅಲ್ಲಿಯ ಕೆಂಪು ಬೆಟ್ಟವನ್ನೂ ಕೆರೆಯನ್ನೂ ಮಾಡಿದಳು. ಒಬ್ಬಳು ಎತ್ತಿನ ಕೊಂಬು, ಇನ್ನೊಬ್ಬಳು ಬೀಸುವ ಕಲ್ಲು. ಚಿಗವ್ವ ತನ್ನ ಮನೆಯ ಹೊಸ್ತಿಲನ್ನೂ, ಅದರ ಮೇಲೆ ನಿಂತ ಆಡನ್ನೂ ಮಾಡಿದಳು. ಅದು ಆಡಿನಂತೆ ಕಾಣದೆ ನಾಲ್ಕು ಕಾಲಿನ ಕೊಡದಂತೆ ಕಂಡಿತು. ಅವಳಿಗೂ ನಗು ಬಂತು, ಆದರೆ ಬಿಚ್ಚಲಿಲ್ಲ. ಮಗ ಗುರುತು ಹಿಡಿಯುತ್ತಾನೆ ಎಂದಳು. ಯಾರ ಕಾರ್ಡು ಯಾರ ಕೈ ಸೇರುತ್ತದೋ ಹೇಳಲಾಗದು ಎಂದು ಅಕ್ಕೋರು ಮೊದಲೇ ತಿಳಿಸಿದ್ದರೂ ಅವಳ ಮನಸ್ಸು ಒಪ್ಪಿರಲಿಲ್ಲ.

ನನಗೆ ಬರುತ್ತಿದ್ದುದು ಒಂದೇ. ಹುಟ್ಟಿದಾಗಿನಿಂದ ನೋಡಿದ್ದು, ಮದುವೆಯಾದಾಗಿನಿಂದ ಕೈಯಲ್ಲಿ ಹಿಡಿದದ್ದು ಸೆರಗು. ಅದರ ಮೇಲಿನ ಚಿತ್ತಾರಗಳು ಹಣಿಗೆಯ ಹಲ್ಲು, ಕೋಟೆಯ ಗೋಡೆ, ಜೋಳದ ತೆನೆ. ಕೆಂಪು ನೆಲದ ಮೇಲೆ ಬಿಳಿಯ ಸಾಲುಗಳು. ಅದನ್ನೇ ಅಂಗೈಯಗಲಕ್ಕೆ ಇಳಿಸಲು ಹೊರಟೆ. ಎರಡು ರಟ್ಟು ಹರಿದು ಹಾಳಾದವು. ಮೂರನೆಯದಕ್ಕೆ ತೂತುಗಳನ್ನು ದೂರ ದೂರ ಮಾಡಿ, ಎಳೆಯನ್ನು ಬಿಗಿಯದೆ, ಒಂದರ ಪಕ್ಕ ಒಂದು ಮಲಗಿಸಿದೆ. ಎಂಟು ದಿನ ಹಿಡಿಯಿತು. ಮುಗಿದಾಗ ರೇಷ್ಮೆ ರಟ್ಟಿನ ಮೇಲೆ ಗೋಧಿಕಾಳಿನಷ್ಟು ಉಬ್ಬಿ ನಿಂತಿತ್ತು. ಅತ್ತೆ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣಿಗೆ ತಪ್ಪು ಬೀಳಲಿಲ್ಲ ಎಂದು ಕಾಣುತ್ತದೆ, ತಿರುಗಿ ನನ್ನ ಕೈಗೇ ಕೊಟ್ಟಳು.

ಕಾರ್ಡಿನ ಮೇಲೆ ಹೆಸರು ಬರೆಯುವುದು ಬೇಡ ಎಂದು ಗಂಡಸರೆಲ್ಲ ಹೇಳಿದರು. ಮನೆಯ ಹೆಣ್ಣುಮಗಳ ಹೆಸರು ಗುರುತಿಲ್ಲದವರ ಕೈಗೆ ಹೋಗಬಾರದು. ಅಕ್ಕೋರಿಗೆ ಬೇಸರವಾಯಿತು, ಆದರೆ ಒಪ್ಪಿದರು. ಊರಿನ ಹೆಸರನ್ನೂ ಬರೆಯಲಿಲ್ಲ.

ಕಾರ್ಡುಗಳನ್ನು ಬಾಗಲಕೋಟೆಗೆ ಮುಟ್ಟಿಸಲು ಅಕ್ಕೋರ ಜೊತೆ ಚಿಗವ್ವ ಹೊರಟಳು. ಅವಳೊಡನೆ ನನ್ನನ್ನೂ ಕಳಿಸಲು ಅತ್ತೆ ಒಪ್ಪಿದ್ದು ಇಂದಿಗೂ ನನಗೆ ಆಶ್ಚರ್ಯ. ಹುನಗುಂದ ದಾಟಿ ಆಚೆ ನಾನು ಎಂದೂ ಹೋದವಳಲ್ಲ. ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ. ಮಲಪ್ರಭೆಯಲ್ಲಿ ನೀರು ಇಳಿದಿತ್ತು. ಗಾಲಿ ಮುಳುಗುವಷ್ಟು ನೀರಿನಲ್ಲಿ ಗಾಡಿ ಹೋಗುವಾಗ ಚಿಗವ್ವ ಕಾರ್ಡಿನ ಗಂಟನ್ನು ತಲೆಯ ಮೇಲೆ ಹೊತ್ತು ಕೂತಿದ್ದಳು. ದಡ ಮುಟ್ಟಿದ ಮೇಲೂ ಇಳಿಸಲಿಲ್ಲ.

ಬಾಗಲಕೋಟೆಯಲ್ಲಿ ಒಂದು ಬಂಗಲೆಯ ಪಡಸಾಲೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅಲ್ಲಿ ಕೂತಿದ್ದ ಕಾರಕೂನ ನಮ್ಮ ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಬೆಟ್ಟ, ಕೊಂಬು, ಬೀಸುಕಲ್ಲು ಎಲ್ಲ ಸರಿಹೋದವು. ನನ್ನದು ಕೈಗೆ ಬಂದಾಗ ಹುಬ್ಬು ಗಂಟಿಕ್ಕಿದ. ಯುದ್ಧದ ಕಾಲ, ಗುಟ್ಟಿನ ಬರಹ ಹೋಗಬಾರದೆಂಬ ಹುಕುಂ ಇತ್ತಂತೆ. ಇದು ಚಿತ್ರವಲ್ಲ, ಲಿಪಿಯ ಹಾಗೆ ಸಾಲು ಸಾಲಾಗಿದೆ, ಇದರಲ್ಲಿ ಏನು ಬರೆದಿದೆ ಎಂದು ಅಕ್ಕೋರನ್ನು ಕೇಳಿದ. ಪರಗಂಡಸಿನ ಮುಂದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ. ಅಂದು ಹೇಗೋ ಬಾಯಿ ಬಿಟ್ಟೆ.

"ಸೆರಗ್ರಿ ಅದು," ಎಂದೆ. "ನಿಮ್ಮ ಮನ್ಯಾಗೂ ಇದ್ದೀತು."

ಅವನು ನನ್ನ ಹೆಗಲ ಮೇಲಿದ್ದ ಸೆರಗನ್ನೂ ಕೈಯಲ್ಲಿದ್ದ ಕಾರ್ಡನ್ನೂ ಒಮ್ಮೆ ನೋಡಿ, ಅದನ್ನು ಪೆಟ್ಟಿಗೆಯೊಳಗೆ ಹಾಕಿದ.

ಆ ಪಡಸಾಲೆಯ ಗೋಡೆಗೆ ಒಂದು ನಕಾಶೆ ತೂಗುಹಾಕಿತ್ತು. ನಾನು ಅದನ್ನು ಬಣ್ಣದ ಪರದೆ ಎಂದುಕೊಂಡಿದ್ದೆ. ಅಕ್ಕೋರು ನನ್ನನ್ನೂ ಚಿಗವ್ವನನ್ನೂ ಅದರ ಮುಂದೆ ನಿಲ್ಲಿಸಿ ಒಂದು ಕಡೆ ಬೆರಳಿಟ್ಟು, ನಾವು ಇಲ್ಲಿದ್ದೇವೆ ಎಂದರು. ಬೆರಳು ತೆಗೆದಾಗ ಅಲ್ಲಿ ಏನೂ ಇರಲಿಲ್ಲ, ಒಂದು ಚುಕ್ಕೆಯೂ. ಎರಡು ದಿನ ಗಾಡಿಯಲ್ಲಿ ಬಂದ ದಾರಿ ಎಲ್ಲಿ ಎಂದು ಕೇಳಿದೆ. ಅದೂ ಬೆರಳಿನ ಅಡಿಯಲ್ಲೇ ಇದೆ ಎಂದರು. ಆಮೇಲೆ ನೀಲಿಯ ಮೇಲೆ ಬೆರಳು ಎಳೆಯುತ್ತ ಹೋಗಿ ಇನ್ನೊಂದು ಕಡೆ ನಿಲ್ಲಿಸಿ, ಇದು ಬಸ್ರಾ ಎಂದರು. ನಡುವಿನ ನೀಲಿಯೆಲ್ಲ ನೀರು. ಮಲಪ್ರಭೆಗಿಂತ ದೊಡ್ಡದೇ ಎಂದು ಚಿಗವ್ವ ಕೇಳಿದಳು. ಅಕ್ಕೋರು ನಗಲಿಲ್ಲ, ಹೂಂ ಎಂದರು. ಚಿಗವ್ವ ಕೈ ಚಾಚಿ, ನಮ್ಮೂರಿನಿಂದ ಬಸ್ರಾಕ್ಕೆ ಗೇಣು ಹಾಕಿ ನೋಡಿದಳು. ಒಂದು ಗೇಣೂ ಪೂರ್ತಿ ಇರಲಿಲ್ಲ. ಅವಳು ಆ ಕೈಯನ್ನು ಹಾಗೆಯೇ ಬಹಳ ಹೊತ್ತು ನಕಾಶೆಯ ಮೇಲೆ ಇಟ್ಟುಕೊಂಡು ನಿಂತಳು. ಲೋಕ ಇಷ್ಟು ದೊಡ್ಡದೆಂದು, ಅದರೊಳಗೆ ನಾವು ಒಂದು ಚುಕ್ಕೆಯೂ ಅಲ್ಲವೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮರುದಿನ ಪೆಟ್ಟಿಗೆಗಳನ್ನು ಏರಿಸಿಕೊಂಡು ಹೋದ ರೈಲನ್ನೂ ನೋಡಿದೆ. ಆದರೆ ನಕಾಶೆ ನೋಡಿ ಬಂದ ಮೇಲೆ ರೈಲು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕಾರ್ಡಿನ ವಿಷಯ ನಮಗೆ ಮರೆತೇ ಹೋಗಿತ್ತು ಎನ್ನಬೇಕು. ಬಿಸಿಲು ಏರಿದ ಮೇಲೆ ಒಂದು ದಿನ ಅಂಚೆಯವನು ನಮ್ಮ ಓಣಿಯಲ್ಲಿ ಒಂದು ಕಾಗದ ಹಿಡಿದುಕೊಂಡು ಪೇಚಾಡುತ್ತಿದ್ದ. ಅದರ ಮೇಲೆ ಬರೆದದ್ದು ಇಷ್ಟೇ: ಇಲಕಲ್ಲ ಊರಿನ ಸೆರಗು ನೇಯುವವರಿಗೆ. ಊರಿನ ಅರ್ಧ ಜನ ಅದನ್ನೇ ಮಾಡುವವರು, ಯಾರಿಗೆ ಕೊಡಬೇಕು? ಬಸ್ರಾದಿಂದ ಬಂದಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಗವ್ವ ಮುಸುಕನ್ನೂ ಎಳೆದುಕೊಳ್ಳದೆ ಹೊರಗೆ ಓಡಿದಳು. ಯಾರೋ ಸಾಲೆಗೆ ಹೋಗಿ ಅಕ್ಕೋರನ್ನು ಚಿಗವ್ವನ ಪಡಸಾಲೆಗೆ ಕರೆತಂದರು.

ಕಾಗದ ಚಿಗವ್ವನ ಮಗನದಾಗಿರಲಿಲ್ಲ. ಬಸ್ರಾದ ದವಾಖಾನೆಯಲ್ಲಿದ್ದ ಒಬ್ಬ ಕಂಪೌಂಡರ್, ಧಾರವಾಡದ ಕಡೆಯವನು, ಒಬ್ಬ ಸಿಪಾಯಿಯ ಪರವಾಗಿ ಕನ್ನಡದಲ್ಲಿ ಬರೆದಿದ್ದ. ಸಿಪಾಯಿ ಹುನಗುಂದ ತಾಲೂಕಿನ ರಾಮಥಾಳದವನು, ಒಕ್ಕಲುತನದ ಮನೆಯವನು. ಪಕ್ಕದಲ್ಲೇ ತೋಪಿನ ಗುಂಡು ಸಿಡಿದು ಎರಡೂ ಕಣ್ಣಿಗೆ ಪೆಟ್ಟಾಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ತಿಂಗಳಿಂದ ಮಲಗಿದ್ದ, ಯಾರೊಡನೆಯೂ ಮಾತಿಲ್ಲ. ಪೆಟ್ಟಿಗೆಯ ಸಾಮಾನು ಹಂಚುವಾಗ ಅವನ ಪಾಲಿಗೆ ಒಂದು ಕಾರ್ಡು ಬಂತು. ಕಣ್ಣಿಲ್ಲದವನಿಗೆ ಕಾರ್ಡು ಕೊಟ್ಟೆನಲ್ಲ ಎಂದು ಕಂಪೌಂಡರನಿಗೆ ನಾಚಿಕೆಯಾಗಿ, ಅದನ್ನು ವಾಪಸು ತೆಗೆದುಕೊಂಡು ತಂಬಾಕಿನ ಡಬ್ಬಿ ಕೊಡಲು ಹೋದ. ಸಿಪಾಯಿ ಕೊಡಲಿಲ್ಲ. ಅವನ ಬೆರಳು ಆಗಲೇ ಅದರ ಮೇಲೆ ನಡೆದಾಡುತ್ತಿತ್ತು. ಮೊದಲು ಹಣಿಗೆ ಎಂದನಂತೆ, ಆಮೇಲೆ ಕೋಟೆ, ಆಮೇಲೆ ತೆನೆ. ನೆಲ ಕೆಂಪು, ಮೇಲಿನದು ಬಿಳಿದು, ಹೌದಲ್ಲ ಎಂದು ಕೇಳಿದನಂತೆ. ಕಂಪೌಂಡರ್ ಹೌದೆಂದ. ಇದು ಇಲಕಲ್ಲ ಸೆರಗು, ನಮ್ಮವ್ವ ಹಬ್ಬಕ್ಕೆ ಉಡುವುದು ಎಂದು ಸಿಪಾಯಿ ಹೇಳಿದ. ಅಂದು ಅವನು ಎದ್ದು ಕೂತು ಉಂಡ ಎಂದು ಕಾಗದದಲ್ಲಿ ಬರೆದಿತ್ತು.

ಅಕ್ಕೋರು ಇಲ್ಲಿ ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಪಡಸಾಲೆಯಲ್ಲಿ ಇದ್ದವರೆಲ್ಲ ನೋಡಿದರು. ನನಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಕಾಗದದ ಕೊನೆಗೆ ಇನ್ನೊಂದು ಸಾಲು ಇತ್ತು. ಸಿಪಾಯಿ ಹೀಗೆ ಬರೆಸಿದ್ದ: ಹಣಿಗೆಯ ಸಾಲಿನಲ್ಲಿ ಎಡಗಡೆಯಿಂದ ಒಂಬತ್ತನೆಯ ಹಲ್ಲು ಇಲ್ಲ, ಆದರೂ ಸೆರಗು ಬಹಳ ಚೆನ್ನಾಗಿದೆ, ಮಾಡಿದವರಿಗೆ ನನ್ನ ಶರಣು.

ನಾನು ನಂಬಲಿಲ್ಲ. ಮನೆಗೆ ಹೋಗಿ, ಚಿತ್ರ ಚುಚ್ಚಿಕೊಂಡಿದ್ದ ಕಾಗದವನ್ನು ಹುಡುಕಿದೆ. ಅತ್ತೆ ಏನನ್ನೂ ಎಸೆಯುವವಳಲ್ಲ. ಅದು ನಮ್ಮ ಮನೆಗೆ ತಿರುಗಿ ಬಂದಿದ್ದ ತುಂಡು ರೇಷ್ಮೆಯ ಗಡಿಗೆಯ ತಳದಲ್ಲಿ ಇತ್ತು. ಬಾಗಿಲ ಬೆಳಕಿಗೆ ಹಿಡಿದು, ಎಡದಿಂದ ಒಂದೊಂದು ಹಲ್ಲಿನ ಮೇಲೂ ಬೆರಳಿಟ್ಟು ಎಣಿಸಿದೆ. ಎಂಟರ ಮುಂದೆ ಒಂದು ಹಲ್ಲಿನ ಜಾಗ ಖಾಲಿ. ಅಲ್ಲಿ ದಬ್ಬಣ ಊರಲು ಮರೆತಿದ್ದೆ. ನನ್ನ ಎರಡು ಕಣ್ಣು ಎಂಟು ದಿನ ನೋಡಿ ಕಾಣದ್ದನ್ನು, ಅತ್ತೆಯ ಕಣ್ಣು ತಿರುಗಿಸಿ ನೋಡಿ ಕಾಣದ್ದನ್ನು, ಸಮುದ್ರದಾಚೆ ಮಲಗಿದ್ದವನ ಬೆರಳು ಕಂಡಿತ್ತು. ನಾನು ಆ ಕಾಗದ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟೆ. ದೇವರ ಗುಡಿಯಲ್ಲೂ ನನಗೆ ಮೈ ಹಾಗೆ ಝುಮ್ಮೆಂದದ್ದಿಲ್ಲ. ಅತ್ತೆ ಬಂದು ಏನೆಂದು ಕೇಳಿದಳು, ತೋರಿಸಿದೆ. ಅವಳು ಎರಡು ಸಲ ಎಣಿಸಿ, "ಖರೇನ ಐತಿ ನೋಡವಾ" ಎಂದು ನನ್ನ ಪಕ್ಕ ಕೂತಳು.

ಆ ಬೇಸಿಗೆಯಲ್ಲೇ ನಾನು ಅಕ್ಕೋರ ಹತ್ತಿರ ಅಕ್ಷರ ಕಲಿಯತೊಡಗಿದೆ. ಅವನಿಗೆ ಉತ್ತರ ಬರೆಯಬೇಕೆಂದು ಅಲ್ಲ. ಹಾಗೆ ಬರೆಯುವುದು ಆ ಕಾಲಕ್ಕೆ ಆಗದ ಮಾತು. ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಿದೆನಲ್ಲ, ನಾನೇ ಓದಬೇಕು ಎನಿಸಿತು. ಓದಲು ಬಂದ ದಿನ ಆ ಕಾಗದವನ್ನು ಅಕ್ಕೋರಿಂದ ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ.

ಜಗಳ ಮುಗಿದು ಗಂಡಸರು ಒಬ್ಬೊಬ್ಬರಾಗಿ ಮರಳಿದರು. ಚಿಗವ್ವನ ಮಗ ಕಡ್ಡಿಯಂತಾಗಿ, ಕೆಮ್ಮುತ್ತ ಬಂದ, ಆದರೆ ಬಂದ. ಆಡಿನ ಕಾರ್ಡು ಸಿಕ್ಕಿತೇ ಎಂದು ಅವಳು ಕೇಳಿದ್ದಕ್ಕೆ, ತನಗೆ ಸಿಕ್ಕದ್ದು ಒಂದು ಡಬ್ಬಿ ಸಿಗರೇಟು ಮಾತ್ರ ಎಂದ. ಅವಳು ನಕ್ಕು ನಕ್ಕು ಅತ್ತಳು. ಆ ಆಡು ಯಾರ ಕೈ ಸೇರಿತೋ, ಅವನು ಅದನ್ನು ಏನೆಂದು ತಿಳಿದನೋ ನಮಗೆ ಗೊತ್ತಾಗಲಿಲ್ಲ.

ಸುಗ್ಗಿ ಮುಗಿದ ಹೊತ್ತಿಗೆ ರಾಮಥಾಳದ ಸಿಪಾಯಿ ತನ್ನ ತಾಯಿಯೊಡನೆ ಇಲಕಲ್ಲಿಗೆ ಬಂದ. ಮಹಾಕೂಟದ ಹೊಂಡದಲ್ಲಿ ಮಿಂದು, ಹರಕೆ ತೀರಿಸಿ, ಅಲ್ಲಿಂದ ಊರಿಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರು. ಅಕ್ಕೋರೇ ನಮ್ಮ ಮನೆಗೆ ಕರೆತಂದರು. ಮೂವತ್ತರ ಒಳಗಿನ ಎತ್ತರದ ಆಳು. ಒಂದು ಕಣ್ಣು ಪೂರ್ತಿ ಹೋಗಿತ್ತು; ಇನ್ನೊಂದಕ್ಕೆ ಬಿಸಿಲು ನೆರಳು ಮಾತ್ರ ತಿಳಿಯುತ್ತಿತ್ತು. ತಾಯಿ ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಅವಳು ಉಟ್ಟಿದ್ದು ಸವೆದು ಮೆತ್ತಗಾದ ನಮ್ಮ ಸೀರೆಯೇ.

ಕಾರ್ಡು ಇದೆಯೇ ಎಂದು ಮಾವ ಕೇಳಿದ. ಅವನು ಇಲ್ಲವೆಂದು ಹೇಳಿ, ನಡೆದದ್ದನ್ನು ತಿಳಿಸಿದ. ಪಕ್ಕದ ಮಂಚದಲ್ಲಿ ಬದಾಮಿಯ ಕಡೆಯ ಒಬ್ಬ ಸಿಪಾಯಿ ಜ್ವರದಿಂದ ಮಲಗಿದ್ದ. ಸಂಜೆಯ ಹೊತ್ತು ಕಾರ್ಡನ್ನು ಅವನೂ ಇಸಿದುಕೊಂಡು ಸವರುತ್ತಿದ್ದ. ಜೀವ ಹೋದ ದಿನ ಅವನು ಅದನ್ನು ಕೈಯಿಂದ ಬಿಡಲಿಲ್ಲ.

"ಕಸಗೊಂಬೇಕಂದ್ರ ಕಸಗೋಬೋದಿತ್ತು," ಎಂದ ರಾಮಥಾಳದವನು. "ಅವನ ಕೈಯಾಗ ಬಿಟ್ಟೆ. ತಪ್ಪಾತೇನ್ರಿ?"

ಕದದ ಹಿಂದೆ ನಿಂತಿದ್ದ ನಾನು ಇಲ್ಲ ಎಂದೆ. ಕೇಳಿದ್ದು ಮಾವನನ್ನು, ಉತ್ತರ ಹೋದದ್ದು ನನ್ನಿಂದ. ಅವನು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿ ಎರಡೂ ಕೈ ಜೋಡಿಸಿದ.

ಮುಂದೇನು ಮಾಡುತ್ತಾನೆ ಎಂದು ಅವನ ತಾಯಿಯನ್ನು ಅತ್ತೆ ವಿಚಾರಿಸಿದಳು. ಹೊಲದ ಕೆಲಸ ಅವನಿಂದ ಆಗದು, ತಮ್ಮಂದಿರು ಅನ್ನ ಹಾಕುತ್ತಾರೆ, ಆದರೆ ಮಗ ದಿನವಿಡೀ ಗೋಡೆಗೆ ಒರಗಿ ಕೂತಿರುತ್ತಾನೆ ಎಂದು ಅವಳು ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡಿದಳು. "ನನ್ನ ಕಣ್ಣಿಗೆ ಸಿಗಲಾರದ ತಪ್ಪ ಹಿಡದಾನ ಇಂವ," ಎಂದಳು. "ಕೊಂಡಿ ಹಾಕೂದ ಕಲೀಲಿ. ಅದಕ್ಕ ಕಣ್ಣ ಯಾಕ ಬೇಕು?"

ಗಂಡನಿಗೆ ನಂಬಿಕೆ ಬರಲಿಲ್ಲ, ಮಾವನಿಗೂ ಅಷ್ಟಕ್ಕಷ್ಟೇ. ಆದರೂ ತಾಯಿ ಮಗ ಚಿಗವ್ವನ ಹಿಂದಿನ ಕೋಣೆಯಲ್ಲಿ ಉಳಿದರು. ಪರಗಂಡಸಿನ ಕೈ ಹಿಡಿದು ತೋರಿಸಲು ನನ್ನಿಂದ ಆಗದು. ನಾನು ತೋರಿಸಿದ್ದನ್ನು ಅವನ ತಾಯಿ ಕಲಿತು ಅವನ ಬೆರಳಿಗೆ ಕಲಿಸಿದಳು. ಹದಿನೈದು ದಿನ ಎಳೆಗಳು ಹರಿದವು, ಸಿಕ್ಕಾದವು. ಒಂದೆರಡು ಸಲ ಎಲ್ಲ ಬಿಟ್ಟು ಹೋಗುತ್ತೇನೆಂದು ಎದ್ದ. ಎದ್ದರೂ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ಆಮೇಲೆ ಒಂದು ದಿನ ಅವನ ಬೆರಳುಗಳು ನಿಲ್ಲದೆ ನಡೆಯತೊಡಗಿದವು. ಬಿಟ್ಟ ಕಣ್ಣು ಎಲ್ಲಿಯೋ ದೂರ ನೋಡುತ್ತಿರುತ್ತಿತ್ತು, ಬೆರಳು ಮಾತ್ರ ಎಳೆಯನ್ನು ಆರಿಸಿ, ತಿರುವಿ, ಸಿಕ್ಕಿಸಿ ಮುಂದಿನದಕ್ಕೆ ಹೋಗುತ್ತಿತ್ತು. ನಾನು ನನ್ನ ಕೆಲಸ ಬಿಟ್ಟು ನೋಡುತ್ತ ನಿಂತಿರುತ್ತಿದ್ದೆ.

ಒಂದು ಸೆರಗಿನ ಹಾಸನ್ನು ಅವನೊಬ್ಬನೇ ಪೂರ್ತಿ ಕೂಡಿಸಿದ ದಿನ ಅತ್ತೆ ಪರೀಕ್ಷೆಗೆ ಕೂತಳು. ಒಂದು ತುದಿಯಿಂದ ಶುರು ಮಾಡಿ, ಎಳೆಗಳನ್ನು ಬಿಡಿಸಿ ಬಿಡಿಸಿ, ಕೆಲವನ್ನು ಜಗ್ಗಿ ನೋಡುತ್ತ ಇನ್ನೊಂದು ತುದಿಗೆ ಬಂದಳು. ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವನ ತಾಯಿ ಅತ್ತೆಯ ಬೆರಳನ್ನೇ ನೋಡುತ್ತ ನಿಂತಿದ್ದಳು. ಅತ್ತೆ ಮಗ್ಗಕ್ಕೆ ಏರಿಸು ಎಂದು ಮಾವನಿಗೆ ಕೈಸನ್ನೆ ಮಾಡಿ, ಮೊಣಕಾಲಿಗೆ ಕೈಕೊಟ್ಟು ಎದ್ದಳು. ಅವನಿಗೆ ಕುಡಿಯಲು ಏನಾದರೂ ತರಲು ನನಗೆ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ತಾನೇ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಅವನ ಕೈಗಿಟ್ಟಳು.